ಕೈ ಹಿಡಿದ ಮದ್ದಳೆ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ನನಗೀಗ ಅರವತ್ತೆಂಟು. ಯುಗಾದಿಯಿಂದೀಚೆಗೆ ಭಜನೆಯಲ್ಲಿ ಗೆಳೆಯನ ತಾಳಕ್ಕೆ ಕುಣಿಯುವುದನ್ನು ಬಿಟ್ಟಿದ್ದೇನೆ. ವಯಸ್ಸಿಗೆ ತಕ್ಕ ವೈರಾಗ್ಯ ಎಂದು ಎಲ್ಲರೂ ಮೆಚ್ಚಿದರು. ಆದರೆ ಬಿಟ್ಟ ಮೇಲೂ ಮನಸ್ಸಿಗೆ ನೆಮ್ಮದಿ ಇಲ್ಲ. ಯಾಕೆ?"

ಗುರುಗಳು, "ಮೊದಲು ಕೂತುಕೋ, ವೈರಾಗ್ಯಕ್ಕೆ ನಿಂತೇ ಇರಬೇಕೆಂದಿಲ್ಲ" ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ತಿಂಗಳಿಡೀ ಮಡಕೆ ಮಾಡುವ ತಿಗರಿಯ ಚಕ್ರದ ಮುಂದೆ ಬಾಗಿ ಕೂರುವ ಕೆಲಸ. ಅಮಾವಾಸ್ಯೆಯ ದಿನ ಮಾತ್ರ ತಿಗರಿಗೆ ಬಿಡುವು. ಅವತ್ತು ಮಧ್ಯಾಹ್ನ ಉಂಡು ಅವನು ಅರಳಿಕಟ್ಟೆಗೆ ಬರುತ್ತಿದ್ದ. ಅಲ್ಲಿ ಅವನ ಓರಗೆಯವನೇ ಆದ ಮದ್ದಳೆಯವ ಕಾದಿರುತ್ತಿದ್ದ. ಮದ್ದಳೆ ನುಡಿದರೆ ಕುಂಬಾರ ಹೆಜ್ಜೆ ಹಾಕುತ್ತಿದ್ದ. ಇಪ್ಪತ್ತನೆಯ ವಯಸ್ಸಿನಲ್ಲಿ ಶುರುವಾದದ್ದು ಅರವತ್ತು ದಾಟಿದರೂ ತಪ್ಪಿರಲಿಲ್ಲ.

ಕುಣಿಯುವಾಗ ಕುಂಬಾರ ಮದ್ದಳೆಯವನ ಕೈ ನೋಡುತ್ತಿದ್ದ. ಮದ್ದಳೆಯವ ಕುಂಬಾರನ ಕಾಲು ನೋಡುತ್ತಿದ್ದ. ಆ ಹೊತ್ತಿನಲ್ಲಿ ನಿನಗೆಷ್ಟು ವಯಸ್ಸು ಎಂದು ಯಾರಾದರೂ ಕೇಳಿದ್ದರೆ ಕುಂಬಾರ ಲೆಕ್ಕ ತಪ್ಪುತ್ತಿದ್ದ. ಅಷ್ಟು ಸುಖ ಅವನಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ, ಮದುವೆಯಲ್ಲೂ ಸಿಕ್ಕಿರಲಿಲ್ಲ.

ಒಂದು ಅಮಾವಾಸ್ಯೆ ಬಟ್ಟೆ ವ್ಯಾಪಾರಿಯೊಬ್ಬ ಕಟ್ಟೆಯ ಹತ್ತಿರ ಗಂಟು ಇಳಿಸಿ ಕುಣಿತ ನೋಡಿದ. ಹೋಗುವಾಗ ಪಕ್ಕದವನಿಗೆ ಹೇಳಿದ: "ಮದ್ದಳೆಯವನದು ದೊಡ್ಡ ಮನಸ್ಸು. ಮುದುಕ ಮುಗ್ಗರಿಸಬಾರದು ಅಂತ ಕೈ ಹಿಡಿದು ಬಾರಿಸ್ತಾನೆ."

ಕೈ ಹಿಡಿದು ಖರ್ಚು ಮಾಡು ಎನ್ನುತ್ತೇವಲ್ಲ, ಹಾಗೆ. ಬೇಕೆಂದೇ ತಡೆದು, ನಿಧಾನವಾಗಿ ಬಾರಿಸುವುದು. ವ್ಯಾಪಾರಿ ತನಗೆ ತೋಚಿದ್ದನ್ನು ಆಡಿ ಗಂಟು ಹೊತ್ತು ಹೋದ. ಮಾತು ಕುಂಬಾರನ ಕಿವಿಯಲ್ಲಿ ಉಳಿಯಿತು. ಇಷ್ಟು ದಿನ ನಾನು ಕುಣಿದದ್ದಲ್ಲ, ಅವನು ಕುಣಿಸಿದ್ದು ಎಂದುಕೊಂಡ. ಮೈಯೆಲ್ಲ ಉರಿಯಿತು.

ಮಾರನೆಯ ದಿನ ಕೆರೆ ಏರಿಯ ಮೇಲೆ ಮದ್ದಳೆಯವ ಸಿಕ್ಕಿದ. ಕುಂಬಾರ ಸುತ್ತು ಬಳಸದೆ ಕೇಳಿದ: "ಈಗೀಗ ಕೈ ಹಿಡಿದು ಬಾರಿಸ್ತೀಯಂತೆ. ನಿಜವೇನೋ?"

ಮದ್ದಳೆಯವನ ಮುಖ ಸಣ್ಣದಾಯಿತು. ಅವನು ಕೈಯನ್ನು ಹೊದ್ದ ವಲ್ಲಿಯೊಳಗೆ ಸೇರಿಸಿದ. "ನಿಜ ಕಣೋ. ಎರಡು ವರ್ಷ ಆಯ್ತು. ನಿನಗೆ ಗೊತ್ತಾಗಬಾರದು ಅಂತಿದ್ದೆ. ಬೇರೆಯವರ ಮುಂದೆ ಆಡಬೇಡ."

ಕುಂಬಾರ ತಿರುಗಿ ಮನೆಯ ದಾರಿ ಹಿಡಿದ. ಇನ್ನೊಂದು ಮಾತು ಕೇಳಿದ್ದರೆ ಏನು ಹೋಗುತ್ತಿತ್ತೋ! ಆದರೆ ಅವಮಾನವಾದವನಿಗೆ ಅರ್ಧ ಮಾತೇ ಸಾಕು. ಉಳಿದರ್ಧವನ್ನು ಅವನೇ ಮನೆಯಲ್ಲಿ ಕೂತು ತುಂಬಿಕೊಳ್ಳುತ್ತಾನೆ.

ಮುಂದಿನ ಅಮಾವಾಸ್ಯೆ ಕುಂಬಾರ ಕಟ್ಟೆಗೆ ಹೋಗಲಿಲ್ಲ. ಮಧ್ಯಾಹ್ನ ಮದ್ದಳೆ ನುಡಿಯಿತು. ಒಳಗೆ ಕೂತಿದ್ದವನ ಪಾದ ತಾನಾಗಿ ನೆಲ ತಟ್ಟಿತು. ಅವನು ಎರಡು ಕೈಯಿಂದಲೂ ಮಂಡಿಯನ್ನು ಅದುಮಿ ಹಿಡಿದ. ಅದರ ಮುಂದಿನ ಅಮಾವಾಸ್ಯೆಯೂ ಹಾಗೆಯೇ ಕಳೆಯಿತು. ಮೂರನೆಯದಕ್ಕೆ ಮದ್ದಳೆಯೇ ನುಡಿಯಲಿಲ್ಲ. ನಾನು ಬಿಟ್ಟದ್ದೇ ಸರಿಯಾಯಿತು, ಅವನಿಗೂ ಸಾಕಾಗಿತ್ತು ಎಂದು ಕುಂಬಾರ ಮನಸ್ಸಿಗೆ ಹೇಳಿಕೊಂಡ. ಹೇಳಿಕೊಂಡರೂ ಅವನಿಗೆ ಊಟ ಸೇರಲಿಲ್ಲ.

ವರ್ಷ ತುಂಬುವುದರೊಳಗೆ ಮದ್ದಳೆಯವ ತೀರಿಕೊಂಡ. ಕುಂಬಾರ ಮನೆಯವರನ್ನು ಮಾತಾಡಿಸಲು ಹೋದ. ಮದ್ದಳೆ ಗೋಡೆಯ ಮೂಲೆಯಲ್ಲಿತ್ತು. ಸತ್ತವನ ಹೆಂಡತಿ ಅವನನ್ನು ಕಂಡು ಅತ್ತಳು. ಕುಂಬಾರನಿಗೂ ದುಃಖ ತಡೆಯಲಾಗಲಿಲ್ಲ. ಆದರೂ ಹಳೆಯ ಉರಿ ಆರಿರಲಿಲ್ಲ. "ನನ್ನ ಮೇಲೆ ಕನಿಕರಪಟ್ಟು ಕೈ ಹಿಡಿದು ಬಾರಿಸ್ತಿದ್ದನಂತೆ. ಅದೊಂದು ನನಗೆ ಸಹಿಸೋಕಾಗಲಿಲ್ಲ ತಾಯಿ" ಎಂದ.

ಹೆಂಗಸು ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು. "ಕನಿಕರವಾ? ಯಾರು ಹಂಗಂದೋರು? ಕೈ ಹಿಡ್ಕೊಂಡಿತ್ತಣ್ಣ ಅವರಿಗೆ. ಬೆರಳು ಮಡಚೋಕೆ ಬರ್ತಿರಲಿಲ್ಲ. ದಿನಾ ಬೆಳಿಗ್ಗೆ ಎಣ್ಣೆ ಕಾಯಿಸಿ ನಾನೇ ತಿಕ್ತಿದ್ದೆ. ಅವತ್ತು ಕೆರೆ ಏರಿ ಮೇಲೆ ನೀನು ಕೇಳಿದಾಗ, ನೀನು ಮೊದಲೇ ಕಂಡುಕೊಂಡು ಅವರಿಗೋಸ್ಕರ ಹೆಜ್ಜೆ ತಡವಾಗಿ ಇಡ್ತಿದ್ದೆ ಅಂದ್ಕೊಂಡರು. ಕೈ ಹಿಡಿದಿದೆ ಅಂತ ಬಾಯಿಬಿಟ್ಟು ಒಪ್ಪಿಕೊಂಡ ಮೇಲೆ ನೀನು ಬರಲೇ ಇಲ್ಲ. ಇನ್ನು ಯಾರಿಗೆ ಬಾರಿಸಲಿ ಅಂತ ಮೂಲೆಗಿಟ್ಟರು."

ಕುಂಬಾರ ಮೂಲೆಯ ಮದ್ದಳೆಯ ಕಡೆ ತಿರುಗಿದ. ಬಾರಿಸುವವನು ನಿಧಾನವಾಗಿದ್ದ, ಕುಣಿಯುವವನೂ ನಿಧಾನವಾಗಿದ್ದ. ಒಬ್ಬರು ಇನ್ನೊಬ್ಬರಿಗೆ ಮಾಡಿದ ದಯೆ ಅದರಲ್ಲಿ ಏನೂ ಇರಲಿಲ್ಲ. ಇಬ್ಬರೂ ಜೊತೆಯಲ್ಲಿ ಮುದುಕರಾಗಿದ್ದರು, ಅಷ್ಟೇ. ತಾಳ ಒಂದು ದಿನವೂ ತಪ್ಪಿರಲಿಲ್ಲ.

ಮುಂದಿನ ಅಮಾವಾಸ್ಯೆ ಅವನು ಕಟ್ಟೆಗೆ ಹೋದ. ಪಕ್ಕದೂರಿನ ಒಬ್ಬ ಬಂದು ಮದ್ದಳೆ ಬಾರಿಸುತ್ತಿದ್ದ. ಒಳ್ಳೆಯ ಕೈ. ಕುಂಬಾರ ಹಿಡಿಯಲು ಅಮ್ಮನ ಸೆರಗಿಲ್ಲದ ಮಗುವಿನಂತೆ ಅಂಜುತ್ತಾ ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ. ಮೂರನೆಯದು ಇಡುವ ಮೊದಲೇ ಮದ್ದಳೆ ಮುಂದೆ ಹೋಗಿತ್ತು. ಅವನ ಹೆಜ್ಜೆಗೆ ಹೊಂದುವ ಕೈ ಲೋಕದಲ್ಲಿ ಒಂದೇ ಇತ್ತು. ಅವನು ಮನೆಗೆ ಬಂದು ತಿಗರಿಯ ಮುಂದೆ ಕೂತ. ಅವತ್ತು ತಿಗರಿ ತಿರುಗಿಸಬಾರದು ಎಂಬುದೂ ಅವನಿಗೆ ನೆನಪಾಗಲಿಲ್ಲ.

ಕತೆ ಮುಗಿಯಿತು. ಶಿಷ್ಯ ನಿಟ್ಟುಸಿರು ಬಿಟ್ಟು, "ಪಾಪ, ಒಂದು ಮಾತು ಬಿಡಿಸಿ ಕೇಳಿದ್ದರೆ ಆಗುತ್ತಿತ್ತು" ಎಂದ.

ಗುರುಗಳು ಕೇಳಿದರು: "ಯುಗಾದಿಯ ದಿನ ನೀನು ಭಜನೆಯಿಂದ ಎದ್ದು ಬರುವಾಗ, ನಿನಗೆ ತಾಳ ಹಾಕುತ್ತಿದ್ದವನಿಗೆ ಏನು ಹೇಳಿ ಬಂದೆ?"