ಹೊಟ್ಟಿನ ಚೀಲ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿದ್ದವರು ಇಬ್ಬರೇ, ಚನ್ನವೀರಯ್ಯ ಅಜ್ಜಾರು ಮತ್ತು ಅವರ ಶಿಷ್ಯ ಮುರಿಗೆಪ್ಪ.

ಅಜ್ಜಾರದು ಮಾತು ಕಡಿಮೆ. ಆ ಕೊರತೆಯನ್ನು ಮುರಿಗೆಪ್ಪ ತುಂಬುತ್ತಿದ್ದ.

ಮಠಕ್ಕೆ ಬರುವ ಮೊದಲು ಅವನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಎಲ್ಲವನ್ನೂ ಬಿಟ್ಟು ಬಂದೆ ಎನ್ನುತ್ತಿದ್ದ, ಆದರೆ ಅಭಿಪ್ರಾಯಗಳನ್ನು ಬಿಟ್ಟು ಬಂದಿರಲಿಲ್ಲ. ಸಂಜೆ ಹೊಳೆಯ ಮೆಟ್ಟಿಲ ಮೇಲೆ ಕೂತರೆ ಶುರು. ಸಾಫ್ಟ್‌ವೇರ್ ಎಂದರೆ ಊರ ಬಾವಿಯ ನೀರು, ಅದಕ್ಕೆ ಯಾರೂ ಬೀಗ ಹಾಕಬಾರದು ಎನ್ನುತ್ತಿದ್ದ. ಪಾಸ್‌ವರ್ಡ್ ಇಲ್ಲದ ಮನುಷ್ಯ ಅರ್ಧ ಬೆತ್ತಲೆ ಎನ್ನುತ್ತಿದ್ದ. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಅವನಿಗೆ ಇಣುಕಿ ನೋಡುವವರ ಮೇಲೆ.

“ನನ್ನ ಫೋನಿನ್ಯಾಗ ಏನೈತಿ ಅಂತ ನೋಡಾಕ ಸರಕಾರ ಯಾರ್ರೀ ಅಜ್ಜಾರ?”

“ಯಾರೂ ಅಲ್ಲಪ್ಪಾ.”

“ಕಂಪನಿಯವರು ಯಾರ್ರೀ?”

“ಅವರೂ ಯಾರಲ್ಲ ಬಿಡು.”

ಅಜ್ಜಾರು ಇಷ್ಟು ಬೇಗ ಒಪ್ಪಿಕೊಳ್ಳುವುದು ಮುರಿಗೆಪ್ಪನಿಗೆ ಸೇರುತ್ತಿರಲಿಲ್ಲ. ಎದುರಾಡುವವರಿಲ್ಲದ ವಾದ ಅವನಿಗೆ ಖಾರವಿಲ್ಲದ ರೊಟ್ಟಿ ಊಟದ ಹಾಗೆ.

ಮಠದ ಹಿಂದೆ ಜೋಳದ ಕೋಣೆ ಇತ್ತು. ಪ್ರತಿ ಸೋಮವಾರ ಅದು ಊರಿಗಾಗಿ ತೆರೆಯುತ್ತಿತ್ತು. ಇದ್ದವರು ಜೋಳ ತಂದು ಸುರುವುತ್ತಿದ್ದರು, ಇಲ್ಲದವರು ತುಂಬಿಕೊಂಡು ಹೋಗುತ್ತಿದ್ದರು. ಒಬ್ಬೊಬ್ಬರೇ ಒಳಗೆ ಹೋಗಿ ಕದ ಹಾಕಿಕೊಳ್ಳಬೇಕು.

ಅಲ್ಲಿಯ ರೀತಿ ಬೇರೆ ಇತ್ತು. ಒಯ್ಯಲು ಬರುವವರು ಮನೆಯಿಂದ ಚೀಲದ ತುಂಬ ಹೊಟ್ಟು ತುಂಬಿಕೊಂಡು ಬರುತ್ತಿದ್ದರು. ಒಳಗೆ ಹೊಟ್ಟನ್ನು ಮೂಲೆಗೆ ಸುರುವಿ ಜೋಳ ತುಂಬಿಕೊಳ್ಳುತ್ತಿದ್ದರು. ಕೊಡಲು ಬಂದವರು ಜೋಳ ಸುರುವಿ, ಅದೇ ಹೊಟ್ಟನ್ನು ಚೀಲಕ್ಕೆ ತುಂಬಿಕೊಂಡು ಹೊರಬರುತ್ತಿದ್ದರು. ಹೋಗುವಾಗಲೂ ಚೀಲ ತುಂಬಿರುತ್ತಿತ್ತು, ಬರುವಾಗಲೂ ತುಂಬಿರುತ್ತಿತ್ತು. ಕೊಟ್ಟವರು ಯಾರು, ಒಯ್ದವರು ಯಾರು ಎಂದು ಪಾಳಿಯಲ್ಲಿ ನಿಂತವರಿಗೆ ತಿಳಿಯುತ್ತಿರಲಿಲ್ಲ. ಇನ್ನೊಬ್ಬರ ಚೀಲಕ್ಕೆ ಕೈ ಹಚ್ಚಬಾರದು ಎಂಬುದೊಂದೇ ಅಲ್ಲಿಯ ಕಟ್ಟುನಿಟ್ಟು.

ಮುರಿಗೆಪ್ಪನಿಗೆ ಇದು ಹಳೇ ಕಾಲದ ಪದ್ಧತಿಯಾಗಿ ಕಂಡಿತು. ಒಂದು ದಿನ ಹೇಳಿಯೇ ಬಿಟ್ಟ.

“ಯಾರು ಒಯ್ತಾರಂತ ಗೊತ್ತಾದ್ರ, ಖರೇ ಬಡವ್ರಿಗೆ ಇನ್ನಷ್ಟು ಕೊಡಬಹುದಲ್ರೀ.”

“ಖರೇ ಬಡವ್ರು ಅಂತ ಹಣಿ ಮ್ಯಾಲ ಬರದಿರತೈತೇನು?”

“ಇಲ್ರೀ. ಅದಕ್ಕ ನೋಡಬೇಕಂತೀನಿ.”

ಅಜ್ಜಾರು ನಕ್ಕು ಕಾಲು ತೊಳೆಯಲು ಹೊಳೆಗಿಳಿದರು. ಬೇಡ ಎನ್ನಲಿಲ್ಲವಲ್ಲ, ಎಂದರೆ ಹೂಂ ಎಂದ ಹಾಗೆ ಎಂದು ಮುರಿಗೆಪ್ಪ ತಿಳಿದುಕೊಂಡ.

ಶ್ರಾವಣ ಬಂತು. ಅಜ್ಜಾರು ಪ್ರವಚನಕ್ಕೆಂದು ದೂರದ ಊರಿಗೆ ಹೋದರು. ಮಠ ಮುರಿಗೆಪ್ಪನ ಕೈಗೆ ಬಂತು.

ಆಗ ಜೋಳದ ರಾಶಿ ತಗ್ಗಿತ್ತು. ಶ್ರಾವಣದಲ್ಲಿ ಎಲ್ಲರ ಮನೆಯ ಕಾಳೂ ತಗ್ಗುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಉಳ್ಳವರೇ ಒಯ್ಯುತ್ತಿದ್ದಾರೆ ಎಂದು ಅನುಮಾನ ಬಂತು. ಹುಬ್ಬಳ್ಳಿಯ ಗೆಳೆಯನಿಂದ ಕ್ಯಾಮೆರಾ ತರಿಸಿ, ಕೋಣೆಯ ಒಳಗೊಂದು, ಕದದ ಮೇಲೊಂದು ಹಾಕಿದ. ಎರಡೂ ಅವನ ಫೋನಿನಲ್ಲಿ ಕಾಣುತ್ತಿದ್ದವು.

ಕದ್ದು ನೋಡುವುದು ಅವನ ತತ್ವಕ್ಕೆ ವಿರುದ್ಧ. ಆದ್ದರಿಂದ ಒಂದು ಫಲಕವನ್ನೂ ದಪ್ಪ ಅಕ್ಷರದಲ್ಲಿ ಬರೆದು ತೂಗುಹಾಕಿದ. ‘ಇಲ್ಲಿ ಕ್ಯಾಮೆರಾ ಇದೆ. ತಪ್ಪು ಮಾಡದವರು ಹೆದರಬೇಕಾಗಿಲ್ಲ.’

ಆ ಸೋಮವಾರ ಕೊಡುವವರ ಸಾಲೇ ನೆರೆಯಿತು. ಕೆಲವರು ಹೊಸ ರುಮಾಲು ಸುತ್ತಿಕೊಂಡು ಬಂದಿದ್ದರು. ಕ್ಯಾಮೆರಾದ ಕಡೆ ಮುಖ ಮಾಡಿ ನಿಧಾನವಾಗಿ ಜೋಳ ಸುರುವಿದರು. ತುಂಬಿಕೊಳ್ಳಲು ಹೊಟ್ಟು ಸಾಲದೆ, ಖಾಲಿ ಚೀಲ ಝಾಡಿಸುತ್ತ ಹೊರಬಂದರು. ಒಯ್ಯಲು ಒಬ್ಬರೂ ಬರಲಿಲ್ಲ.

ಮುಂದಿನ ಸೋಮವಾರವೂ ಹಾಗೇ ಆಯಿತು. ಮೊಣಕಾಲುದ್ದ ಇದ್ದ ರಾಶಿ ಸೊಂಟದುದ್ದ ಏರಿತು. ಕಳ್ಳತನ ನಿಂತಿತು ಎಂದು ಮುರಿಗೆಪ್ಪ ಹಿಗ್ಗಿದ. ಹಸಿವೂ ನಿಂತಿತೇ ಎಂದು ಕೇಳಿಕೊಳ್ಳಲು ಪಾಪ, ಅವನಿಗೆ ಪುರುಸೊತ್ತಿರಲಿಲ್ಲ.

ಅದರ ಮುಂದಿನ ಸೋಮವಾರ ಮಧ್ಯಾಹ್ನ, ಎಲ್ಲರೂ ಹೋದ ಮೇಲೆ, ಫೋನಿನಲ್ಲಿ ಒಬ್ಬ ಹೆಂಗಸು ಕಂಡಳು. ರುದ್ರಗೌಡರ ಸೊಸೆ ನೀಲವ್ವ, ಹಸಿ ಬಾಣಂತಿ. ಸೊಂಟದ ಮೇಲೆ ತುಂಬಿದ ಚೀಲ ಇತ್ತು. ಫಲಕ ಓದಿದಳು, ಸ್ವಲ್ಪ ಹೊತ್ತು ನಿಂತಳು, ಬಂದ ದಾರಿಯಲ್ಲೇ ತಿರುಗಿದಳು.

ರುದ್ರಗೌಡರದು ಊರಿಗೇ ದೊಡ್ಡ ಮನೆ. ಆ ಮನೆಯಿಂದ ಬರುತ್ತಿದ್ದ ಚೀಲವೂ ಎಲ್ಲರದಕ್ಕಿಂತ ದೊಡ್ಡದು. ದಾನ ಮಾಡಲು ಬಂದವರು ಹೊರಲಾರದೆ ಹಿಂದಿರುಗುತ್ತಿದ್ದಾರೆ ಎಂದುಕೊಂಡು ಮುರಿಗೆಪ್ಪ ಓಡಿದ. ಹೊಳೆಯ ದಂಡೆಯಲ್ಲಿ ಅವಳನ್ನು ಹಿಡಿದ. ಅಲ್ಲಿ ಊರ ಹೆಂಗಸರು ಬಟ್ಟೆ ಒಗೆಯುತ್ತಿದ್ದರು.

“ಅಕ್ಕಾರ, ಬಾಣಂತಿ ನೀವು, ಇಷ್ಟು ಭಾರ ಹೊರಬಾರದು. ಇಲ್ಲೆ ಕೊಡ್ರಿ.”

ಬೇಡ ಬೇಡ ಎಂದು ಅವಳು ಹಿಂದೆ ಸರಿದಳು. ಸಂಕೋಚ ಎಂದುಕೊಂಡು ಅವನು ಚೀಲ ಹಿಡಿದು ಬಲವಾಗಿ ಎತ್ತಿದ.

ಚೀಲ ಅವನ ತಲೆಯ ಮೇಲಕ್ಕೆ ಹಾರಿತು. ಅವನು ಹಿಂದಕ್ಕೆ ಬೀಳುವವನಿದ್ದ. ಬಾಯಿ ಬಿಚ್ಚಿದ ಚೀಲದಿಂದ ಹೊಟ್ಟು ಗಾಳಿಗೆ ಹಾರಿ ಒಗೆಯುವ ಕಲ್ಲುಗಳ ಮೇಲೆ ಬಿತ್ತು. ಬಟ್ಟೆ ಒಗೆಯುವ ಸದ್ದು ನಿಂತಿತು.

ನೀಲವ್ವ ಅಳಲಿಲ್ಲ. ಚೀಲ ಇಸಿದುಕೊಂಡಳು.

“ನಮ್ಮ ಮಾವನ ಮುಂದ ಹೇಳಬ್ಯಾಡ್ರಿ,” ಎಂದು ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿ ಹೋದಳು.

ಅವನು ಹೇಳಲಿಲ್ಲ. ಆದರೆ ಊರ ಬಾಯಿಗೆ ಕದ ಎಲ್ಲಿದೆ. ಸಂಜೆಯೊಳಗೆ ಎಲ್ಲರಿಗೂ ಗೊತ್ತಾಯಿತು. ಗೌಡರ ಮಗ ಹಾಸಿಗೆ ಹಿಡಿದ ಮೇಲೆ ಹೊಲ ಬೀಳು ಬಿದ್ದದ್ದು, ಆ ದೊಡ್ಡ ಮನೆಯ ಒಲೆ ಮಠದ ಜೋಳದಿಂದಲೇ ಹೊತ್ತುತ್ತಿದ್ದುದು, ಎಲ್ಲ ಬಯಲಾಯಿತು. ತಮ್ಮ ಮನೆಯವರು ಇನ್ನು ಮಠದ ಹೊಸ್ತಿಲು ತುಳಿಯಬಾರದು ಎಂದು ಗೌಡರು ಕದ ಹಾಕಿಕೊಂಡರು.

ಮುರಿಗೆಪ್ಪ ಜೋಳ ಹೊತ್ತುಕೊಂಡು ಹೋಗಿ ಆ ಕದ ತಟ್ಟಿದ. ತೆರೆಯಲಿಲ್ಲ. ಒಳಗೆ ಕೂಸು ಅಳುತ್ತಿತ್ತು. ಚೀಲವನ್ನು ಕಟ್ಟೆಯ ಮೇಲೆ ಇಟ್ಟು ಬಂದ. ಮರುದಿನ ನೋಡಿದರೆ ಅದು ಅಲ್ಲೇ ಇತ್ತು, ಕೋಳಿಗಳು ಕೆದರುತ್ತಿದ್ದವು. ನೆರೆಯವರು ಒಯ್ದ ರೊಟ್ಟಿಯೂ ಹಾಗೇ ಹಿಂದಕ್ಕೆ ಬಂದಿತ್ತು. ತಾಯಿ ಉಣ್ಣದೆ ಕೂಸಿಗೆ ಹಾಲು ಎಲ್ಲಿಂದ ಬರಬೇಕು?

ಅಜ್ಜಾರು ಬಂದರು. ಮುರಿಗೆಪ್ಪ ಅವರ ಕಾಲ ಬಳಿ ಕೂತು ಏನೂ ಮುಚ್ಚಿಡದೆ ಹೇಳಿದ.

“ಸರಕಾರ ನೋಡಬಾರದು ಅಂತಿದ್ದೆಲ್ಲೋ?” ಎಂದರು ಅಜ್ಜಾರು.

“ಅವರು ಹೆದರಿಸಾಕ ನೋಡ್ತಾರ್ರಿ. ನಾ ಛಲೋ ಆಗ್ಲಿ ಅಂತ ನೋಡಿದ್ನಿರಿ.”

“ನೋಡಾವರಿಗೆ ನೂರು ಕಾರಣ ಇರತಾವು. ಚೀಲ ಹೊತ್ತು ನಿಂತಾಕಿಗೆ ಅದರಾಗ ಯಾವುದು ಕಾಣತೈತಿ?”

ಮುರಿಗೆಪ್ಪ ತಲೆ ತಗ್ಗಿಸಿದ. “ಕ್ಯಾಮೆರಾ ಕಿತ್ತೀನ್ರಿ. ಫೋನಿನ್ಯಾಗ ಇದ್ದದ್ದನ್ನೆಲ್ಲಾ ಅಳಿಸೀನ್ರಿ.”

“ಹೊಳಿ ದಂಡ್ಯಾಗ ನಿಂತವರ ಕಣ್ಣಾಗಿಂದು?”

ಅಭಿಪ್ರಾಯಗಳ ಮುರಿಗೆಪ್ಪ ಮೊದಲ ಸಲ, ಏನು ಮಾಡಲಿ ಎಂದು ಕೇಳಿದ.

“ನಾಳೆ ಸೋಮವಾರ. ಚೀಲ ತಗೊಂಡು ನನ್ನ ಹಿಂದ ಪಾಳಿಗೆ ನಿಂದ್ರು.”

ಮರುದಿನ ಅಜ್ಜಾರು ಹೆಗಲ ಮೇಲೆ ತುಂಬಿದ ಚೀಲ ಹೊತ್ತು ಎಲ್ಲರ ನಡುವೆ ನಿಂತರು. ಮಠದ ಅಜ್ಜಾರು ಪಾಳಿಯಲ್ಲಿ ನಿಂತದ್ದನ್ನು ಆ ಊರು ಕಂಡಿರಲಿಲ್ಲ. ಸುದ್ದಿ ಕೇಳಿ ಬಾರದವರೂ ಬಂದರು. ಹೊಳೆಯ ದಂಡೆಯ ಹೆಂಗಸರೂ ಬಂದಿದ್ದರು.

ಕದದ ಹತ್ತಿರ ಬಂದಾಗ ಅಜ್ಜಾರು ಹಿಂದೆ ತಿರುಗಿದರು.

“ಮುರಿಗೆಪ್ಪಾ, ಶಾಲು ಜಾರಾಕತ್ತೈತಿ. ಈ ಚೀಲ ಒಂದೀಟು ಹಿಡಿ.”

ಮುರಿಗೆಪ್ಪ ಬೆಚ್ಚಿದ. “ಬ್ಯಾರೆಯವರ ಚೀಲ ಮುಟ್ಟಬಾರದಲ್ರೀ.”

“ನಾನಾಗೇ ಕೊಡಾಕತ್ತೀನಲ್ಲ. ಒಂದ ಕೈಲೆ ಹಿಡಿ.”

ಅವನು ಒಂದೇ ಕೈಯಲ್ಲಿ ಹಿಡಿದ. ಜೋಳವಿದ್ದರೆ ಭಾರಕ್ಕೆ ಜಗ್ಗಬೇಕಿದ್ದ ಆ ಕೈ ಸ್ವಲ್ಪವೂ ಕೆಳಗೆ ಜಗ್ಗಲಿಲ್ಲ. ಅಜ್ಜಾರು ಶಾಲು ಬಿಚ್ಚಿದರು, ಕೊಡವಿದರು, ಮತ್ತೆ ಹೊದ್ದುಕೊಂಡರು. ಅವರಿಗೆ ಯಾವ ಅವಸರವೂ ಇರಲಿಲ್ಲ. ಊರೆಲ್ಲ ಆ ಚೀಲವನ್ನು ನೋಡಿತು.

ಆಮೇಲೆ ಅಜ್ಜಾರು ಒಳಗೆ ಹೋಗಿ ಕದ ಹಾಕಿಕೊಂಡರು. ಹೊರಬಂದಾಗಲೂ ಚೀಲ ತುಂಬಿತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತರು. ಮುರಿಗೆಪ್ಪ ಒಳಗೆ ಹೋಗುವ ಧೈರ್ಯ ಸಾಲದೆ, ಹಿಂದಿನವರಿಗೆ ದಾರಿ ಬಿಡುತ್ತ ಕೊನೆಯವನಾಗಿ ನಿಂತ.

ಬಟ್ಟೆ ಒಗೆಯುವವರಲ್ಲಿ ಹಿರಿಯಳಾದ ಕಾಶವ್ವ ಸೆರಗಿನಿಂದ ಮುಖ ಒರೆಸಿಕೊಂಡು ಊರ ಕಡೆ ಹೊರಟಳು. ಗೌಡರ ಮನೆಯ ಕದದ ಮುಂದೆ ನಿಂತು ತಾನು ಕಂಡದ್ದಷ್ಟನ್ನೇ ಹೇಳಿದಳಂತೆ.

ಬಿಸಿಲೇರಿದ ಮೇಲೆ ರುದ್ರಗೌಡರು ತಾವೇ ಬಂದರು. ಹೆಗಲ ಮೇಲೆ ಚೀಲ, ತಲೆಗೆ ಮಾಸಿದ ರುಮಾಲು. ಮುಂದೆ ಹೋಗಿರಿ ಎಂದು ಜನ ದಾರಿ ಬಿಟ್ಟರು. ಗೌಡರು ಒಪ್ಪಲಿಲ್ಲ, ತಮ್ಮ ಪಾಳಿ ಬರುವ ತನಕ ನಿಂತರು.

ಅವರು ಕದದ ಬಳಿ ಬಂದಾಗ ಕಾಶವ್ವ ಹೊಳೆಯ ಕಡೆ ಮುಖ ತಿರುಗಿಸಿದಳು. ಅವಳ ಪಕ್ಕದವಳೂ ತಿರುಗಿಸಿದಳು. ನೋಡನೋಡುತ್ತ ಎಲ್ಲರೂ ಹೊಳೆಯ ಕಡೆ ಮುಖ ಮಾಡಿ ನಿಂತರು. ಯಾರೂ ಅವರಿಗೆ ಹಾಗೆ ಮಾಡಿರೆಂದು ಹೇಳಿರಲಿಲ್ಲ. ಗೌಡರು ಒಳಗೆ ಹೋದರು, ಹೊರಬಂದರು, ಮೆಲ್ಲನೆ ಮನೆಯ ದಾರಿ ಹಿಡಿದರು. ಅವರ ಹೆಜ್ಜೆಯ ಸಪ್ಪಳ ಪೂರ್ತಿ ನಿಲ್ಲುವ ತನಕ ಜನ ಇತ್ತ ತಿರುಗಲಿಲ್ಲ.

ಮುರಿಗೆಪ್ಪನ ಕಣ್ಣು ತುಂಬಿತ್ತು. ಆದರೆ ಹುಟ್ಟುಗುಣ ಎಲ್ಲಿ ಹೋಗಬೇಕು? ಅವನು ಅಜ್ಜಾರ ಪಕ್ಕಕ್ಕೆ ಬಂದು, ಕಟ್ಟೆಯ ಮೇಲಿದ್ದ ಚೀಲವನ್ನು ನೋಡುತ್ತ ಬಗ್ಗಿ ಕೇಳಿದ.

“ಅಜ್ಜಾರ, ನಿಮ್ಮ ಚೀಲದಾಗ ಈಗ ಏನೈತ್ರಿ?”

ಅಜ್ಜಾರು ಕೋಣೆಯ ಕಡೆ ಕೈ ತೋರಿಸಿದರು.

“ನಿನ್ನ ಪಾಳಿ ಬಂತು. ಒಳಗ ಹೋಗಿ ಕದ ಹಾಕ್ಕೋ.”