ಒಂಟಿಕಾಲಿನ ಗುರು

ಕೋಳಿಮರಿಗಳಿಗೆ ಒದೆಯುವ ವಿದ್ಯೆ ಕಲಿಸುತ್ತಿದ್ದ ಹುಂಜವೊಂದು, ಅದು ಚೀನಾದ ಕೊಕ್ಕರೆಗಳಿಂದ ಬಂದ ಪುರಾತನ ವಿದ್ಯೆ ಎನ್ನುತ್ತಿತ್ತು. ಅದಕ್ಕೆಂದೇ ಪಾಠ ಮುಗಿಯುವವರೆಗೂ ಒಂಟಿಕಾಲಲ್ಲಿ ನಿಲ್ಲುತ್ತಿತ್ತು.

"ಎಲ್ಲಾ ಬುರುಡೆ" ಎಂದಿತು ಕಾಗೆ. ವಾದ ಬೆಳೆಯಿತು. ಕೊನೆಗೆ, ಚೀನಾದಿಂದ ಕೆರೆಗೆ ವಲಸೆ ಬಂದಿದ್ದ ಕೊಕ್ಕರೆಯನ್ನೇ ಮರಿಗಳು ಕರೆತಂದವು.

"ನಾವು ಒಂಟಿಕಾಲಲ್ಲಿ ನಿಲ್ಲುವುದು ಇನ್ನೊಂದು ಕಾಲು ಬೆಚ್ಚಗಿರಲಿ ಎಂದು" ಎಂದಿತು ಕೊಕ್ಕರೆ. "ಈ ಒದೆ ನಮ್ಮದಲ್ಲ. ನಿಮಗೆ ಯಾರು ಕಲಿಸಿದರು?"

ಹುಂಜ ತಲೆ ತಗ್ಗಿಸಿತು. "ನಮ್ಮಮ್ಮ. ಬೆಕ್ಕಿಗೆ ಒದ್ದದ್ದನ್ನು ನೋಡಿ ಕಲಿತೆ. ಹಾಗೆಂದು ಹೇಳಿದರೆ ಕಲಿಯಲು ಯಾರು ಬರುತ್ತಾರೆ?"

"ಬೆಕ್ಕು ಓಡಿತೇ?" ಎಂದು ಮರಿಯೊಂದು ಕೇಳಿತು.

"ಮತ್ತೆ ಈ ಕಡೆ ತಲೆ ಹಾಕಲಿಲ್ಲ."

"ಹಾಗಾದರೆ ಅದನ್ನೇ ಕಲಿಸಿ, ಗುರುಗಳೇ."

ಹುಂಜ ಅಷ್ಟು ಹೊತ್ತೂ ಮಡಚಿಟ್ಟು ಜೋಮು ಹಿಡಿದಿದ್ದ ಕಾಲನ್ನು ಹಾಯಾಗಿ ನೆಲಕ್ಕೂರಿತು.