ಅರಮನೆಯ ಪಿಕಪ್ ಯಾಕೆ ಅಳುತ್ತಿತ್ತು

“ಕೇಳ್ರಪ್ಪೋ ಕೇಳ್ರಿ! ಅರಮನೆಯ ಪಿಕಪ್ ಗಾಡಿ ಅಳುತ್ತದೆ. ಅದರ ಅಳು ನಿಲ್ಲಿಸಲು ಬರುವವನು ಮೊದಲು ರಾಜಕುಮಾರಿಯ ಮೂರು ಒಗಟು ಬಿಡಿಸಬೇಕು. ಗೆದ್ದವನಿಗೆ ಬೇಡಿದ್ದು ಸಿಗುತ್ತದೆ. ಸೋತವನು ಹಗೇವಿಗೆ. ಅಮಾವಾಸ್ಯೆಯ ದಿನ ಹಗೇವಿನ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಲಾಗುವುದು!”

ಕರಿಗುಡ್ಡದ ಅರಸ ನೀಲಕಂಠರಾಯ ಹೀಗೆ ಡಂಗುರ ಸಾರಿಸಿದ. ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಮುಚ್ಚಿದರೆ ಒಳಗಿದ್ದವನ ಕತೆ ಮುಗಿಯಿತು. ಇನ್ನು ಅರಸರ ಕಾಲದಲ್ಲಿ ಪಿಕಪ್ ಎಲ್ಲಿತ್ತು ಅಂತ ಕೇಳಬೇಡಿ. ಕತೆ ನನ್ನದು, ಗಾಡಿಯೂ ನನ್ನದೇ.

ಮಹಾರಾಣಿ ತೀರಿಕೊಂಡಾಗ ಆಕೆಯ ಬೂದಿಯ ಮಡಕೆಯನ್ನು ಹೊಳೆಗೆ ಒಯ್ದದ್ದು ಆ ಗಾಡಿಯೇ. ಅಂದಿನಿಂದ ಶುರುವಾಯಿತು ನೋಡಿ. ಟಾರ್ಪಾಲು ಮುಚ್ಚಿ, ಎಂಜಿನ್ ಬಂದ್ ಮಾಡಿ ನಿಲ್ಲಿಸಿದ್ದರೂ ನಡುಮಧ್ಯಾಹ್ನಕ್ಕೆ ಕಿರ್ರೋ ಎಂದು ಅಳುವುದು. ಅದೂ ಹೆಂಗಸಿನ ದನಿಯಲ್ಲಿ. ಆ ಹೊತ್ತಿಗೆ ಊರಿನ ಯಾವ ಎಮ್ಮೆಯೂ ಹಾಲು ಬಿಡುತ್ತಿರಲಿಲ್ಲ.

ದೃಷ್ಟಿ ತಾಗದಿರಲೆಂದು ಗಾಡಿಯ ಹಿಂದೆ ಹಳೇ ಚಪ್ಪಲಿ ಕಟ್ಟುವುದು ವಾಡಿಕೆ. ಇದಕ್ಕೂ ಒಂದು ಜೊತೆ ಸವೆದ ಹೆಣ್ಣು ಚಪ್ಪಲಿ ಕಟ್ಟಿತ್ತು. ಅದರ ಪಕ್ಕಕ್ಕೆ ರಾಜಕುಮಾರಿ ಹೊನ್ನಾಂಬೆ ಸೋತವರ ಚಪ್ಪಲಿಗಳನ್ನೂ ಕಟ್ಟಿಸುತ್ತ ಬಂದಳು. ಅದರಲ್ಲಿ ಕಮ್ಮಾರ ಕಾಳಪ್ಪನದೂ ಇತ್ತು. ಅವನು ಒಗಟು ಕೇಳುವ ತಾಳ್ಮೆಯಿಲ್ಲದೆ, “ಕಿರುಗುಟ್ಟಿದರೆ ಎಣ್ಣೆ ಬಿಡು ಅಂತ ನಮ್ಮಪ್ಪ ಹೇಳ್ಯಾನ” ಎಂದು ಗಾಡಿಯಡಿ ಎಣ್ಣೆ ಸುರಿದಿದ್ದ. ಎರಡು ದಿನ ಸುಮ್ಮನಿದ್ದ ಗಾಡಿ ಮೂರನೆಯ ದಿನ ಎರಡರಷ್ಟು ಅತ್ತಿತು. ಕಾಳಪ್ಪ ಹಗೇವಿಗೆ ಇಳಿದ.

ಅವನ ತಮ್ಮ ಮೌನೇಶ ಬಂದಾಗ ಅಮಾವಾಸ್ಯೆಗೆ ಒಂದೇ ದಿನ ಉಳಿದಿತ್ತು. ಉರಿಬಿಸಿಲು, ಒಂದು ಎಲೆಯೂ ಅಲುಗುತ್ತಿಲ್ಲ. ಹೊನ್ನಾಂಬೆ ಬರಿಗಾಲಲ್ಲಿ ಗಾಡಿಯ ಹಿಂದುಗಡೆ ಕೂತಿದ್ದಳು, ಪಕ್ಕದಲ್ಲಿ ಅರಸನ ಪೀಠ. ಅವಳ ಕಣ್ಣು ಒಣಗಿದ ಬಾವಿಯ ಹಾಗಿತ್ತು. ತಾಯಿ ಸತ್ತಾಗಲೂ ಅವಳು ಅತ್ತಿರಲಿಲ್ಲವಂತೆ.

“ಏಳು ಮಂದಿ ಅಣ್ಣತಮ್ಮಂದಿರು, ಒಬ್ಬನ ಬೆನ್ನಿಗೆ ಒಬ್ಬ ಅಂಟಿ ಮಲಗಿದ್ದಾರೆ. ಉದ್ದನೆಯವನು ಮೇಲೆ, ಗಿಡ್ಡ ಎಲ್ಲರ ಕೆಳಗೆ. ಯಾರವರು?” ಎಂದಳು.

ಸರದಿಯಲ್ಲಿ ಮೊದಲು ನಿಂತಿದ್ದ ಪಕ್ಕದ ಸೀಮೆಯ ಯುವರಾಜ ಮೀಸೆ ತಿರುವಿದ. “ಸಪ್ತರ್ಷಿಗಳು!”

“ಇವನನ್ನು ಇಳಿಸಿ.”

ಪಂಡಿತನೊಬ್ಬ ಮುಂದೆ ಬಂದ. “ವಾರದ ಏಳು ದಿನ!”

“ಅದರಲ್ಲಿ ಗಿಡ್ಡ ದಿನ ಯಾವುದು?”

ಪಂಡಿತ ಬೆರಳು ಮಡಿಸಿ ಎಣಿಸತೊಡಗಿದ. ಇಬ್ಬರ ಜರಿ ಚಪ್ಪಲಿಗಳೂ ಸಾಲಿಗೆ ಸೇರಿದವು.

ಮೌನೇಶ ಬಗ್ಗಿ ಗಾಡಿಯಡಿ ನೋಡಿದ. ಹೆದರಿಕೆ ಇದ್ದೇ ಇತ್ತು. ಆದರೂ ಹೇಳಿದ: “ಗಾಡಿಯ ಪಾಟಾ ರೀ, ತಾಯಿ. ಚಕ್ರದ ಮ್ಯಾಲೆ ಭಾರ ಹೊರೋ ಬಾಗಿದ ಪಟ್ಟಿಗಳು. ಈ ಗಾಡಿಗೆ ಏಳದಾವ.”

ಹೊನ್ನಾಂಬೆಯ ತುಟಿ ಬಿಗಿಯಿತು. “ಹೊರೆ ಹೊತ್ತರೆ ಸುಮ್ಮನಿರುತ್ತಾರೆ, ಇಳಿಸಿದರೆ ಅಳುತ್ತಾರೆ. ಯಾಕೆ?”

“ಹೊರೆ ಇದ್ರ ಒಬ್ರನ್ನೊಬ್ರು ಗಟ್ಟಿ ಹಿಡ್ಕೊಂಡಿರ್ತಾರ್ರಿ. ಇಳಿಸಿದ್ರ ಸಡಿಲಾಗಿ ಮೈಗೆ ಮೈ ತಿಕ್ತಾರ. ಖಾಲಿ ಗಾಡೀನ ಹೆಚ್ಚು ಅಳೋದು.”

ಅರಸ ಪೀಠದಿಂದ ಎದ್ದು ನಿಂತ. ಹೊನ್ನಾಂಬೆಯ ದನಿ ಈಗ ಪಿಸುಮಾತಾಗಿತ್ತು. “ಎಣ್ಣೆ ಕುಡಿಸಿದಷ್ಟೂ ಬಾಯಾರುವ ಬಾಯಿ ಯಾವುದು? ಅದು ಏನನ್ನು ಕಚ್ಚಿಕೊಂಡಿದೆ?”

“ಬಾಯಿ ಅಂದ್ರ ಪಾಟಾದ ಸಂದು. ಕಚ್ಚಿಕೊಂಡದ್ದು ಏನಂತ ಬಿಚ್ಚಿ ನೋಡಿ ಹೇಳ್ತೀನ್ರಿ.”

“ಬಿಚ್ಚಬೇಡ!” ಎಂದು ಅವಳು ಚೀರಿದಳು. ಅರಸ ಬಿಚ್ಚು ಎಂದ.

ಮೌನೇಶ ಜಾಕಿ ಕೊಟ್ಟು, ಕ್ಲಿಪ್ಪು ಕಳಚಿ, ಪಟ್ಟಿಗಳನ್ನು ಒಂದೊಂದಾಗಿ ಅಗಲಿಸಿದ. ಕರಿಗುಡ್ಡದ ಮಣ್ಣು ಕೆಂಪು. ಒಳಗಿದ್ದದ್ದು ಎಣ್ಣೆಯಲ್ಲಿ ಮೆತ್ತಿಕೊಂಡ ಬಿಳಿಚಿದ ಪುಡಿ. ಬೆರಳಲ್ಲಿ ಉಜ್ಜಿದ. ಬೂದಿ. ನಡುವೆ ಅಕ್ಕಿಕಾಳಿನಷ್ಟು ಮೂಳೆಯ ಚೂರು. ಅವನಿಗೆ ಕೈ ಒರೆಸಿಕೊಳ್ಳಲೂ ಭಯವಾಯಿತು.

“ತಾಯಿ, ಇದು... ನಿಮ್ಮ ಅವ್ವಾರು.”

ಹೊನ್ನಾಂಬೆ ಕುಸಿದು ಕೂತಳು. “ಮಡಕೆ ನನ್ನ ತೊಡೆ ಮೇಲಿತ್ತು. ಹಳ್ಳದ ಹತ್ತಿರ ಗಾಡಿ ಜಿಗಿಯಿತು, ಕೈ ಜಾರಿತು. ಬಾಚಿದಷ್ಟು ಬಾಚಿದೆ, ಉಳಿದದ್ದು ಹಲಗೆಯ ಸಂದಿಯಲ್ಲಿ ಇಳಿಯಿತು. ಅಪ್ಪಾಜಿಗೆ ಹೇಗೆ ಹೇಳಲಿ? ಅರ್ಧ ಅವ್ವ ಹೊಳೆಗೆ ಹೋದಳು, ಅರ್ಧ ಇಲ್ಲೇ ಉಳಿದಳು. ಟಾರ್ಪಾಲಿನಡಿ ಮಲಗಿ ಗಾಡಿ ತೂಗುತ್ತಿದ್ದವಳು ನಾನೇ. ತೂಗಿದರೆ ಅವಳು ದನಿ ಕೊಡುತ್ತಿದ್ದಳು. ಯಾರೂ ರಿಪೇರಿ ಮಾಡಬಾರದೆಂದೇ ಈ ಒಗಟು ಒಡ್ಡಿದೆ.”

ಮೌನೇಶ ಬೂದಿಯ ಕಣಕಣವನ್ನೂ ಶುಭ್ರ ಬಟ್ಟೆಗೆ ಕೆರೆದು ಗಂಟು ಕಟ್ಟಿ ಅವಳ ಮಡಿಲಿಗಿಟ್ಟ. ಪಟ್ಟಿಗಳನ್ನು ತಿಕ್ಕಿ, ಗ್ರೀಸ್ ಸವರಿ, ಮತ್ತೆ ಬಿಗಿದ. ಹೊನ್ನಾಂಬೆ ಗಾಡಿ ಹತ್ತಿ ತೂಗಿದಳು. ಸದ್ದಿಲ್ಲ. ಜೋರಾಗಿ ತೂಗಿದಳು. ಇಲ್ಲ. ಆಗ ಅವಳ ಗಂಟಲಿಂದ ಅಳು ಬಂತು. ಅದೇ ದನಿ, ಆದರೆ ಈ ಸಲ ಅದು ಅವಳದ್ದು. ಅರಸ ಮಗಳನ್ನು ತಬ್ಬಿಕೊಂಡು ತಾನೂ ಅತ್ತ.

“ಏನು ಬೇಕೋ ಕೇಳು” ಎಂದ ಕೊನೆಗೆ. “ಅರ್ಧ ರಾಜ್ಯ?”

“ರಾಜ್ಯ ತಗೊಂಡು ನಾ ಏನು ಮಾಡ್ಲಿ, ಮಾರಾಜರೇ? ಹಗೇವಿನ್ಯಾಗಿನವರನ್ನ ಮ್ಯಾಲೆ ತಗೀರಿ.”

ಬೂದಿಯ ಗಂಟು ಹೊತ್ತು ಗಾಡಿ ಸದ್ದಿಲ್ಲದೆ ಹೊಳೆಗೆ ಹೋಯಿತು, ಸದ್ದಿಲ್ಲದೆ ಬಂತು. ಹೊನ್ನಾಂಬೆ ಚಪ್ಪಲಿಗಳನ್ನೆಲ್ಲ ತಾನೇ ಬಿಚ್ಚಿ ಹಗೇವಿನ ಬಾಯಿಯ ಸುತ್ತ ಜೋಡಿಸಿದಳು. ಕಾಳಪ್ಪ ಕಣ್ಣುಜ್ಜಿಕೊಳ್ಳುತ್ತ ಮೇಲೆ ಬಂದು ತಮ್ಮನ ಕೈ ಹಿಡಿದ. “ಲೇ, ನೀ ಎಣ್ಣೆ ಬಿಡಲಿಲ್ಲ ಹೌದಲ್ಲೋ?”

ಎಲ್ಲರೂ ತಮ್ಮ ತಮ್ಮ ಚಪ್ಪಲಿ ಮೆಟ್ಟಿ ಮನೆಗೆ ಹೋದರು. ಒಂದು ಜೊತೆ ಮಾತ್ರ ಉಳಿಯಿತು, ಆ ಸವೆದ ಹೆಣ್ಣು ಚಪ್ಪಲಿ. ಅದು ಅವ್ವನದು. ಹೊನ್ನಾಂಬೆ ಧೂಳು ಕೊಡವಿ, ತನ್ನ ಬರಿಗಾಲಿಗೆ ಅದನ್ನು ಹಾಕಿಕೊಂಡು ಮನೆಗೆ ನಡೆದಳು.